ಹಿಮ್ಮಡಿ ಹಿಡಿದ ಕೈ

ಮಾರ್ಚ್ 6

ಮಗಳೇ,

ಫೋನ್ ಕಟ್ ಮಾಡಿದ್ದು ನೀನು, ನಾನಲ್ಲ. ಅದನ್ನು ಮೊದಲು ಬರೆದಿಡುತ್ತೇನೆ. ಇನ್ನು ಮೇಲೆ ನಾನಾಗಿ ಫೋನ್ ಮಾಡುವುದಿಲ್ಲ. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನಿನ್ನ ಬಾಯಿ ಶುರುವಾಗುತ್ತದೆ. ಕಾಗದಕ್ಕೆ ಎದುರುತ್ತರ ಕೊಡಲು ಎರಡು ದಿನವಾದರೂ ಬೇಕು. ಅಷ್ಟರಲ್ಲಿ ಇಬ್ಬರ ತಲೆಯೂ ತಣ್ಣಗಾಗುತ್ತದೆ.

ಮಗು ಏಳೂವರೆ ತಿಂಗಳಿಗೇ ಹುಟ್ಟಿತು, ತೂಕ ಒಂದು ಕಿಲೋ ಮುನ್ನೂರ ನಲವತ್ತು ಗ್ರಾಂ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ರಕ್ತದ ಸಕ್ಕರೆ ನೋಡಲು ದಿನಕ್ಕೆ ನಾಲ್ಕು ಸಲ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುತ್ತಾರೆ. ಇಷ್ಟು ಹೇಳಿ ನೀನು ಅಳತೊಡಗಿದೆ. ನಾನು "ಅಳು ನಿಲ್ಲಿಸು, ಬರ್ತೀನಿ" ಎಂದೆ. ನೀನು "ಬರಬೇಡ. ನೀನು ಬಂದ್ರೆ ವಾರ್ಡೇ ನಿಂದು ಅನ್ನೋ ಹಾಗೆ ಆಡ್ತೀಯ" ಎಂದೆ. ಸರಿ. ಬರುವುದಿಲ್ಲ.

ಆದರೆ ಗೊತ್ತಿದ್ದದ್ದನ್ನು ಹೇಳದೆ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದಾಗದ ಕೆಲಸ. ಇಲ್ಲಿನ ಆಸ್ಪತ್ರೆಯ ಎಳೆಮಕ್ಕಳ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಆಯಾ ಆಗಿ ದುಡಿದವಳು ನಾನು. ಓದಿದ್ದು ಹೈಸ್ಕೂಲಿನವರೆಗೆ. ಆದರೂ ಮಗುವಿನ ರಕ್ತ ತೆಗೆಯುವ ಹೊತ್ತು ಬಂದರೆ ಎಷ್ಟೋ ಓದಿದ ಡಾಕ್ಟರುಗಳು ಕೂಗುತ್ತಿದ್ದುದು ನನ್ನನ್ನೇ. "ಇಕ್ಕಳ ಎಲ್ಲಿ? ಇಕ್ಕಳನ್ನ ಕರೀರಿ." ಶಾಲೆಯಲ್ಲಿ ಯಾರಾದರೂ ಆ ಹೆಸರೆತ್ತಿದರೆ ನೀನು ತಲೆ ತಗ್ಗಿಸುತ್ತಿದ್ದೆ. ನನಗೆ ಅದು ಬಿರುದು. ನಾನು ಹಿಡಿದ ಕಾಲು ಅಲುಗುತ್ತಿರಲಿಲ್ಲ.

ಆದ್ದರಿಂದ ಕೇಳು. ಚುಚ್ಚುವವರು ಬಂದ ಕೂಡಲೇ ನೀನು ಎದ್ದು ಹೊರಗೆ ಹೋಗು. ತಾಯಿ ಹತ್ತಿರವಿದ್ದರೆ ಮಗು ರಚ್ಚೆ ಹಿಡಿಯುತ್ತದೆ. ರಚ್ಚೆ ಹಿಡಿದರೆ ಕಾಲು ಒದೆಯುತ್ತದೆ. ಕಾಲು ಒದೆದರೆ ಎರಡನೇ ಸಲ ಚುಚ್ಚಬೇಕಾಗುತ್ತದೆ. "ತಾಯಂದಿರೆಲ್ಲ ಆಚೆ" ಎಂದು ನಾನು ಒಂದು ಸಲ ಹೇಳಿದರೆ ಕಾರಿಡಾರಿನ ಬೆಂಚು ತುಂಬಿಹೋಗುತ್ತಿತ್ತು. ಎರಡು ಮೂರು ದಿನ ಮಗು ಅಳುತ್ತದೆ, ಆಮೇಲೆ ಅಭ್ಯಾಸವಾಗಿ ಸುಮ್ಮನಾಗುತ್ತದೆ. ಸಾವಿರ ಮಕ್ಕಳನ್ನು ನೋಡಿ ಹೇಳುತ್ತಿದ್ದೇನೆ.

ಹಾಲು ಹಿಂಡಿ ಕೊಡುತ್ತಿದ್ದೀಯಾ? ಹೊಟ್ಟೆಯ ಹೊಲಿಗೆ ಒಣಗಿತಾ? ಈ ಎರಡಕ್ಕೆ ಉತ್ತರ ಬರಲಿ. ಉಳಿದದ್ದಕ್ಕೆ ಬೇಡ.

ಅಮ್ಮ

-

ಮಾರ್ಚ್ 10

ಅಮ್ಮನಿಗೆ,

ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ ಎಂದು ಬೈಯಬೇಡ.

ಮಗುವಿನ ತೂಕ ಮೂವತ್ತು ಗ್ರಾಂ ಇಳಿದು ಮತ್ತೆ ಹತ್ತು ಏರಿದೆ. ಇಲ್ಲಿನ ದೊಡ್ಡ ನರ್ಸಮ್ಮ ಮೊದಲ ದಿನವೇ ಬೇರೆ ಮಾತು ಹೇಳಿದ್ದರು. "ಚುಚ್ಚೋವಾಗ ನೀವು ಇಲ್ಲೇ ಇರಿ. ಎದೆ ಮೇಲೆ ಹಾಕ್ಕೊಳ್ಳಿ. ಹೇಗೆ ಅಂತ ನಾನು ಹೇಳಿಕೊಡ್ತೀನಿ" ಎಂದರು. ನನಗೆ ಧೈರ್ಯ ಬರಲಿಲ್ಲ. ಅಂಗೈಯಷ್ಟು ಮಗು, ಮೂಗಿಗೊಂದು ನಳಿಗೆ, ಕೈಗೊಂದು ನಳಿಗೆ. ನಿನ್ನ ಕಾಗದ ಬಂದದ್ದು ನನಗೊಂದು ನೆಪವಾಯಿತು. "ನಮ್ಮಮ್ಮ ಇದೇ ಕೆಲಸದಲ್ಲಿ ಇದ್ದವರು, ಹೊರಗೆ ಹೋಗು ಅಂದಿದ್ದಾರೆ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಒತ್ತಾಯ ಮಾಡಲಿಲ್ಲ.

ರಕ್ತ ತೆಗೆಯಲು ಬರುವವನು ಉದ್ದ ಕಾಲಿನ ಸಣಕಲ. ತಾಯಂದಿರೆಲ್ಲ ಅವನಿಗೆ ಸೊಳ್ಳೆ ಎಂದು ಹೆಸರಿಟ್ಟಿದ್ದಾರೆ. ಅವನಿಗೂ ಗೊತ್ತು. "ಸೊಳ್ಳೆ ಬಂತು, ಕಾಲು ಕೊಡಿ" ಎಂದೇ ಬಾಗಿಲು ತಳ್ಳುತ್ತಾನೆ. ಆ ಬಾಗಿಲು ಕಿರುಗುಟ್ಟಿದರೆ ಸಾಕು, ನನ್ನ ಕಾಲು ತಾವಾಗಿಯೇ ಕಾರಿಡಾರಿನ ಕಡೆ ಹೊರಡುತ್ತವೆ. ಹೊರಗೆ ಕೂರಲಾಗುವುದಿಲ್ಲ. ಈ ತುದಿಯಿಂದ ಆ ತುದಿಗೆ ನಲವತ್ತೆರಡು ಹೆಜ್ಜೆ.

ಇವತ್ತು ಅವಳು ಅಳಲಿಲ್ಲ. ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದೆ. ಸದ್ದೇ ಇಲ್ಲ. ನೀನು ಹೇಳಿದ ಹಾಗೇ ಆಯಿತು. ಇದು ಒಳ್ಳೆಯದೇ ತಾನೇ? ಹೌದಾದರೆ ಹೌದು ಎಂದು ಒಂದು ಸಾಲು ಬರಿ.

ಹಾಲು ಹಿಂಡಿ ಕೊಡುತ್ತಿದ್ದೇನೆ. ಹೊಲಿಗೆ ಒಣಗುತ್ತಿದೆ. ಮೈ ಸ್ವಲ್ಪ ಬೆಚ್ಚಗಿದೆ, ವಾರ್ಡಿನ ಸೆಕೆಗೆ ಇರಬೇಕು. ಇವರು ರೈಲು ಹಳಿ ರಿಪೇರಿಯವರ ಜೊತೆ ಹೋಗಿದ್ದಾರೆ, ಭಾನುವಾರ ಬರುತ್ತಾರೆ.

ನಿನ್ನ ಮಗಳು

-

ಮಾರ್ಚ್ 13

ಮಗಳೇ,

ಹೌದು. ಒಂದು ಸಾಲು ಕೇಳಿದೆ, ನಾಲ್ಕು ಸಲ ಬರೆಯುತ್ತೇನೆ. ಹೌದು, ಹೌದು, ಹೌದು, ಹೌದು.

ಒಂಬತ್ತೇ ದಿನದ ಮಗು ಸದ್ದಿಲ್ಲದೆ ಚುಚ್ಚಿಸಿಕೊಂಡಿತು ಎಂದರೆ ಅದು ನನ್ನ ರಕ್ತ, ಬೇರೆ ಯಾರದೂ ಅಲ್ಲ. ಕಾಗದ ತಂದ ಅಂಚೆಯವನಿಗೂ ಹೇಳಿದೆ. ಪಕ್ಕದ ಮನೆಯವಳು "ಅಯ್ಯೋ ಪಾಪ, ಅಷ್ಟು ಚಿಕ್ಕ ಮಗು" ಎಂದು ರಾಗ ತೆಗೆದಳು. "ಪಾಪ ಗೀಪ ಅನ್ಬೇಡಿ, ಗಟ್ಟಿಗಿತ್ತಿ ಅನ್ನಿ" ಎಂದು ಅಲ್ಲೇ ತಿದ್ದಿದೆ.

ಆ ದೊಡ್ಡ ನರ್ಸಮ್ಮನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡು. ಎದೆಯ ಮೇಲೆ ಹಾಕಿಕೊಂಡು ಚುಚ್ಚಿಸುವುದು ಎಂದರೇನು? ಮಗುವಿಗೆ ತಾಯಿಯ ಮಡಿಲು ಎಂದರೇ ಹೆದರಿಕೆಯಾಗಿಬಿಡುತ್ತದೆ. ಚುಚ್ಚುವುದು ಒಬ್ಬರ ಕೆಲಸ, ಹಿಡಿಯುವುದು ಒಬ್ಬರ ಕೆಲಸ, ಹಾಲು ಕೊಡುವುದು ಒಬ್ಬರ ಕೆಲಸ. ಮೂರನ್ನೂ ಕಲಸಬಾರದು.

ಸೆಕೆ ಎಂದು ಬರೆದಿದ್ದೀಯ. ಕಿಟಕಿಯ ಕಡೆ ಕುರ್ಚಿ ಎಳೆದುಕೊಂಡು ಕೂರು. ನೀರು ಜಾಸ್ತಿ ಕುಡಿ.

ಬೀರುವಿನ ಮೇಲಿದ್ದ ನನ್ನ ಚೀಲವನ್ನು ಕೆಳಗಿಳಿಸಿ ಬಿಸಿಲಿಗೆ ಹಾಕಿದ್ದೇನೆ. ಎಲ್ಲಿಗೂ ಹೊರಟಿಲ್ಲ. ವಾಸನೆ ಬರುತ್ತಿತ್ತು, ಅಷ್ಟೇ. ಕರೆದರೆ ಬೇರೆ ಮಾತು. ಈ ವಾರ ಮನೆಯಲ್ಲಿ ಒಂದು ಕಡೆ ಕೂರಲಾಗುತ್ತಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೇನೆ.

ಅಮ್ಮ

-

ಮಾರ್ಚ್ 17

ಅಮ್ಮನಿಗೆ,

ನಿನ್ನ ನಾಲ್ಕು ಹೌದುಗಳನ್ನು ದೊಡ್ಡ ನರ್ಸಮ್ಮನಿಗೆ ಓದಿ ಹೇಳಿದೆ. ಹೆಮ್ಮೆಯಿಂದಲೇ ಓದಿದೆ. ಅವರು ನಗಲಿಲ್ಲ. ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದರು.

"ಅಳ್ತಾ ಇಲ್ಲ ಅಂತ ಖುಷಿ ಪಡ್ತಿದೀರಾ? ಬನ್ನಿ. ಇವತ್ತೊಂದು ದಿನ ಒಳಗೆ ನಿಂತ್ಕೊಳ್ಳಿ. ಕಾಲು ನೋಡ್ಬೇಡಿ. ಮುಖ ನೋಡಿ."

ನೋಡಿದೆ. ಸೂಜಿ ತಗುಲಿದ ಕ್ಷಣ ಅವಳ ಹುಬ್ಬುಗಳ ನಡುವೆ ಗಂಟು ಬಿತ್ತು. ಕಣ್ಣು ಹಿಂಡಿಕೊಂಡವು. ಬಾಯಿ ತೆರೆಯಿತು, ನಾಲಿಗೆ ಬಿಗಿಯಿತು, ಸದ್ದು ಬರಲಿಲ್ಲ. ಒಂದು ಕೈಯ ಐದು ಬೆರಳೂ ಬಿಡಿಬಿಡಿಯಾಗಿ ಗಾಳಿಯಲ್ಲಿ ಚಾಚಿಕೊಂಡವು. ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ರಕ್ತದ ಆಕ್ಸಿಜನ್ ತೋರಿಸುವ ಪರದೆಯಲ್ಲಿ ತೊಂಬತ್ತಾರು ಇದ್ದದ್ದು ಎಂಬತ್ತಮೂರಕ್ಕೆ ಇಳಿದು ಮಿಷನ್ನು ಕೂಗಿಕೊಂಡಿತು. ಅವಳ ಬದಲಿಗೆ ಮಿಷನ್ನು ಅತ್ತಿತು ಅಮ್ಮ.

"ಇದು ಧೈರ್ಯ ಅಲ್ಲ ಕಣಮ್ಮ" ಎಂದರು ನರ್ಸಮ್ಮ. "ಅಳೋಕೂ ಶಕ್ತಿ ಬೇಕು. ಇವಳ ಹತ್ರ ಅದು ಖರ್ಚಾಗಿ ಹೋಗಿದೆ. ನೋವು ಮಾತ್ರ ಹಾಗೇ ಇದೆ."

ಮರುದಿನ ಅವರು ಹೇಳಿದ ಹಾಗೆ ಮಾಡಿದೆ. ಸೊಳ್ಳೆ ಬರುವ ಹದಿನೈದು ನಿಮಿಷ ಮೊದಲೇ ಅವಳನ್ನು ಬರೀ ಲಂಗೋಟಿಯಲ್ಲಿ ನನ್ನ ಅಂಗಿಯೊಳಗೆ, ಎದೆಗೆ ಎದೆ ತಾಗುವಂತೆ ಮಲಗಿಸಿದರು. ಮೇಲೊಂದು ಹೊದಿಕೆ. ನನ್ನ ಒಂದು ಕೈ ಅವಳ ನೆತ್ತಿಯ ಮೇಲೆ, ಇನ್ನೊಂದು ಕೈ ಮಡಚಿದ ಮೊಣಕಾಲುಗಳ ಕೆಳಗೆ, ಹೊಟ್ಟೆಯೊಳಗೆ ಮುದುರಿಕೊಂಡಿದ್ದ ಹಾಗೆ. ನಾಲಿಗೆಗೆ ಎರಡು ಹನಿ ನನ್ನದೇ ಹಾಲು. ಔಷಧಿಯಿಲ್ಲ, ಮತ್ತೇನೂ ಇಲ್ಲ. ಸೊಳ್ಳೆ ನೆಲದ ಮೇಲೆ ಮಂಡಿಯೂರಿ ಚುಚ್ಚಿದ. ಹುಬ್ಬು ಗಂಟಾಯಿತು. ನಾನು ಐದು ಎಣಿಸುವಷ್ಟರಲ್ಲಿ ಬಿಚ್ಚಿಕೊಂಡಿತು. ಪರದೆ ತೊಂಬತ್ತನಾಲ್ಕರಿಂದ ಕೆಳಗಿಳಿಯಲಿಲ್ಲ. ಚಾಚಿದ ಬೆರಳು ಈ ಸಲ ನನ್ನ ಚರ್ಮವನ್ನು ಹಿಡಿದುಕೊಂಡವು.

ಅಮ್ಮ, ನಾನು ಒಂದು ವಾರ ಹೊರಗೆ ನಿಂತಿದ್ದೆ. ದಿನಕ್ಕೆ ನಾಲ್ಕು ಸಲ. ಹಾಲು ಬಾಟಲಿಯಲ್ಲಿ ಹಿಡಿದುಕೊಂಡು, ನಲವತ್ತೆರಡು ಹೆಜ್ಜೆ ಎಣಿಸಿಕೊಂಡು. ನಿನ್ನ ಮಾತು ಕೇಳಿ.

ಚೀಲವನ್ನು ಬೀರುವಿನ ಮೇಲೆ ವಾಪಸ್ಸು ಇಡು. ನಿನ್ನ ಕೈ ನನ್ನ ಮಗುವಿನ ಕಾಲಿನ ಮೇಲೆ ಬೀಳುವುದು ನನಗೆ ಬೇಡ.

ನಿನ್ನ ಮಗಳು

-

ಮಾರ್ಚ್ 20

ಮಗಳೇ,

ನಾನು ಡಾಕ್ಟರಲ್ಲ. ಹಿಡಿ ಎಂದರು, ಹಿಡಿದೆ. ಮೂವತ್ತೊಂದು ವರ್ಷದಲ್ಲಿ ಒಬ್ಬರೂ ನನ್ನ ಕೆಲಸದ ಮೇಲೆ ಬೆರಳು ತೋರಿಸಿದವರಿಲ್ಲ. ನಿವೃತ್ತಿಯ ದಿನ ಗೋಡೆ ಗಡಿಯಾರ ಕೊಟ್ಟು ಭಾಷಣ ಮಾಡಿದರು. ಈಗ ಒಬ್ಬ ನರ್ಸಮ್ಮ ಬಂದು ಎರಡು ಹನಿ ಹಾಲು ಮತ್ತು ಒಂದು ಹೊದಿಕೆ ತೋರಿಸಿದ ಕೂಡಲೇ ನಾನು ಕಟುಕಳಾದೆನಾ?

ಆ ಮಕ್ಕಳೆಲ್ಲ ಬದುಕಿದರು. ಬೆಳೆದರು. ಅವರಲ್ಲಿ ಕೆಲವರು ಈಗ ಇದೇ ಬೀದಿಯಲ್ಲಿ ಬೈಕು ಓಡಿಸಿಕೊಂಡು ನನ್ನ ನಿದ್ದೆ ಕೆಡಿಸುತ್ತಾರೆ. ನಿನ್ನನ್ನೂ ಹೀಗೆಯೇ ಹಿಡಿದದ್ದು. ನೀನು ಸತ್ತೆಯಾ? ತಾಯಿಗೆ ಇಷ್ಟುದ್ದದ ಕಾಗದ ಬರೆದು ಬೈಯುವಷ್ಟು ಗಟ್ಟಿಯಾಗಿದ್ದೀಯ.

ಚೀಲ ಬೀರುವಿನ ಮೇಲಿದೆ. ನೀನು ಹೇಳುವ ಮೊದಲೇ ಇಟ್ಟಿದ್ದೆ.

ಅಮ್ಮ

-

ಮಾರ್ಚ್ 22

ಅಮ್ಮ,

ನಾನು ಹುಟ್ಟಿದಾಗ ಆ ವಾರ್ಡಿನಲ್ಲಿ ಇದ್ದೆ ಎಂದು ನೀನು ಈವರೆಗೆ ಹೇಳಿರಲಿಲ್ಲ.

ನನ್ನನ್ನು ಹಿಡಿದದ್ದು ಯಾರು?

-

ಮಾರ್ಚ್ 31

ಮಗಳೇ,

ನಿನ್ನ ಎರಡು ಸಾಲಿಗೆ ಉತ್ತರ ಬರೆಯಲು ಒಂದು ವಾರ ಹಿಡಿಯಿತು. ನಾಲ್ಕು ಕಾಗದ ಹರಿದೆ. ನಡುವೆ ನೀನು ಮತ್ತೆ ಬರೆಯುತ್ತೀಯೇನೋ ಎಂದು ದಿನಾ ಹನ್ನೊಂದು ಗಂಟೆಗೆ ಗೇಟಿನ ಹತ್ತಿರ ನಿಂತೆ. ಅಂಚೆಯವನು ದೂರದಿಂದಲೇ ಕೈಯಾಡಿಸಿ ಇಲ್ಲ ಎನ್ನುತ್ತಿದ್ದ. ಕೊನೆಗೆ "ಅಜ್ಜಿ, ಬಂದ್ರೆ ನಾನೇ ಓಡಿಬಂದು ಕೊಡ್ತೀನಿ, ಬಿಸಿಲಲ್ಲಿ ನಿಲ್ಬೇಡಿ" ಎಂದ. ಅವನ ಮೇಲೂ ರೇಗಿದೆ.

ಶುಕ್ರವಾರ ಹಳೆಯ ವಾರ್ಡಿಗೆ ಹೋಗಿದ್ದೆ. ನರ್ಸಮ್ಮನ ಮಾತು ಸುಳ್ಳು ಎಂದು ನಿನಗೆ ಬರೆಯಬೇಕು, ಅದಕ್ಕೆ ಪುರಾವೆ ಬೇಕು ಎಂದೇ ಹೋದದ್ದು. ನನ್ನ ಜಾಗಕ್ಕೆ ಬಂದ ಆಯಾಳನ್ನು ಗೊಂಬೆ ಎನ್ನುತ್ತಾರೆ. ಕೈ ಮಾತ್ರ ಗೊಂಬೆಯದಲ್ಲ, ನಾನೇ ಪಳಗಿಸಿದ್ದು. ಒಂದು ಮಗುವಿಗೆ ರಕ್ತ ತೆಗೆಯುವುದಿತ್ತು. ಗೊಂಬೆ "ತಾಯಂದಿರೆಲ್ಲ ಆಚೆ" ಎಂದಳು, ನನ್ನದೇ ಧ್ವನಿಯಲ್ಲಿ. ಮಗುವಿನ ಕಾಲನ್ನು ಕಂಕುಳಲ್ಲಿ ಸಿಕ್ಕಿಸಿ, ಬೆನ್ನು ತಿರುಗಿಸಿ ನಿಂತು, ಎರಡು ಬೆರಳಲ್ಲಿ ಹಿಮ್ಮಡಿಯನ್ನು ಬಿಗಿಹಿಡಿದಳು. ಕಲಿಸಿದ್ದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ.

ನಾನು ಮಂಚವನ್ನು ಸುತ್ತಿಕೊಂಡು ಇನ್ನೊಂದು ಕಡೆ ಹೋಗಿ ನಿಂತೆ. ಮುಖದ ಕಡೆ.

ನಿನಗಿದು ಅರ್ಥವಾಗಬೇಕು. ಹಾಗೆ ಹಿಡಿಯುವವರಿಗೆ ಮಗುವಿನ ಮುಖ ಕಾಣುವುದಿಲ್ಲ. ಮೂವತ್ತೊಂದು ವರ್ಷ ನಾನು ನೋಡಿದ್ದು ಹಿಮ್ಮಡಿಗಳನ್ನು. ಯಾವ ಮಗುವಿನ ಹಿಮ್ಮಡಿಯಲ್ಲಿ ಎಷ್ಟು ಕಲೆ ಇದೆ ಎಂದು ಹೇಳಬಲ್ಲವಳಿಗೆ ಒಂದು ಮುಖವೂ ನೆನಪಿಲ್ಲ. ಸದ್ದು ನಿಂತರೆ ನೋವು ನಿಂತಿತು ಎಂದುಕೊಂಡೆ. ಬೆನ್ನಿಗೆ ಕಾಣುವುದು ಅಷ್ಟೇ.

ಅಲ್ಲಿ ನೀನು ಬರೆದದ್ದೆಲ್ಲ ಇತ್ತು. ಹುಬ್ಬಿನ ಗಂಟು, ಸದ್ದಿಲ್ಲದ ಬಾಯಿ. ಬೆರಳು.

ಒಬ್ಬ ಹೊಸ ಡಾಕ್ಟರ್ "ಯಾರಿವರು, ಒಳಗೆ ಬಿಟ್ಟಿದ್ಯಾರು?" ಎಂದ. ಗೊಂಬೆ ಹಲ್ಲು ಬಿಟ್ಟು "ಇಕ್ಕಳ ಅಂದ್ರೆ ಇವರೇ ಸಾರ್" ಎಂದಳು. ನಾನು ಹೊರಗೆ ಬಂದೆ. ಬೆಂಚಿನ ಮೇಲೆ ಆ ಮಗುವಿನ ತಾಯಿ ಕೂತಿದ್ದಳು. ನನ್ನನ್ನು ಕಂಡು ಆಸ್ಪತ್ರೆಯವಳೆಂದುಕೊಂಡು "ಮುಗೀತಾ ಅಮ್ಮ? ಸದ್ದು ಕೇಳ್ಲಿಲ್ಲ" ಎಂದಳು. ನಾನು ಬಾಗಿಲನ್ನು ತೆರೆದು ಹಿಡಿದೆ. "ಒಳಗೆ ಹೋಗಿ ಎತ್ಕೋ" ಎಂದೆ. ಗೊಂಬೆ "ಅಕ್ಕಾ, ಇನ್ನೂ ಮುಗಿದಿಲ್ಲ" ಎಂದು ಕೂಗಿದಳು. "ಮುಗಿದಿಲ್ಲ ಅಂತಾನೇ ಕಳಿಸ್ತಿದೀನಿ" ಎಂದೆ. ಆಮೇಲೆ ಒಳಗೆ ಏನಾಯಿತೋ ಗೊತ್ತಿಲ್ಲ. ನಾನು ಮನೆಯ ದಾರಿ ಹಿಡಿದೆ.

ಈಗ ನಿನ್ನ ಪ್ರಶ್ನೆ.

ನೀನು ಹುಟ್ಟಿದ ಎರಡನೇ ದಿನ ಮೈ ಹಳದಿಯಾಯಿತು. ದಿನಕ್ಕೆ ಎರಡು ಸಲ ರಕ್ತ ನೋಡಬೇಕೆಂದರು. ನಾನು ಅದೇ ಆಸ್ಪತ್ರೆಯ ಬಾಣಂತಿಯರ ಕೋಣೆಯಲ್ಲಿ ಮಲಗಿದ್ದೆ. ಬೇರೆ ಆಯಾ ಹಿಡಿದಳು, ಹಿಡಿತ ಸಾಲದೆ ನಿನಗೆ ಎರಡೆರಡು ಸಲ ಚುಚ್ಚಿದರು. ಮರುದಿನ ನಾನು ಎದ್ದು, ಮೊಳೆಗೆ ನೇತುಹಾಕಿದ್ದ ನನ್ನ ಸಮವಸ್ತ್ರ ತೊಟ್ಟುಕೊಂಡು ಬಂದೆ. "ನನ್ನ ಮಗುನ ನಾನೇ ಹಿಡೀತೀನಿ" ಎಂದೆ. ತಾಯಂದಿರು ಒಳಗೆ ಇರಬಾರದು ಎಂಬ ನಿಯಮವಿತ್ತು. ಆಯಾ ಇರಬಹುದಿತ್ತು. ನಾನು ಆಯಾ ಆದೆ.

ನಿನ್ನನ್ನು ಹಿಡಿದದ್ದು ನಾನು. ಐದು ದಿನ.

ನೀನು ಅತ್ತಾಗಲೆಲ್ಲ ನನ್ನ ಎದೆಯಿಂದ ಹಾಲು ತಾನಾಗಿ ಸುರಿದು ಸಮವಸ್ತ್ರ ಒದ್ದೆಯಾಗುತ್ತಿತ್ತು. ಡಾಕ್ಟರ ಮುಂದೆ ಮಾನ ಹೋಯಿತು ಎಂದುಕೊಂಡು ಎರಡನೇ ದಿನದಿಂದ ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಬಂದೆ. ಆ ಹಾಲಿಗೂ ನಿನ್ನ ಬಾಯಿಗೂ ಒಂದು ಮೊಳ ದೂರ. ನಡುವೆ ಇದ್ದದ್ದು ನನ್ನ ಬೆನ್ನು. ನಾಲ್ಕನೇ ದಿನ ನೀನು ಅಳಲಿಲ್ಲ. ಡಾಕ್ಟರು "ಇಕ್ಕಳದ ಮಗಳಲ್ವಾ" ಎಂದು ನಕ್ಕರು. ನಾನೂ ನಕ್ಕೆ.

ಆಗ ಎದೆಗೆ ಹಾಕಿಕೊಂಡೇ ಚುಚ್ಚಿಸಬಹುದು ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ನಾನು ಕೇಳುತ್ತಿದ್ದೆ ಎಂದು ಸುಳ್ಳು ಬರೆಯಲಾರೆ. ಕ್ಷಮಿಸು ಎಂದು ಬರೆದು ನನಗೆ ಅಭ್ಯಾಸವಿಲ್ಲ. ಈ ಕಾಗದದಲ್ಲಿ ಅದು ಎಲ್ಲಿ ಬರಬೇಕಿತ್ತೋ ಅಲ್ಲಿ ಇದೆ ಎಂದುಕೋ.

ನೀನು ಕರೆಯುವವರೆಗೆ ಬರುವುದಿಲ್ಲ. ಕರೆಯದಿದ್ದರೆ ಯಾಕೆಂದು ಕೇಳುವುದೂ ಇಲ್ಲ. ಮಗುವಿನ ತೂಕ ಮಾತ್ರ ಬರೆದು ಕಳಿಸು. ಬರೀ ಅಂಕಿ ಸಾಕು.

ಅಮ್ಮ

-

ಏಪ್ರಿಲ್ 3

ಅಮ್ಮ,

ಒಂದು ಕಿಲೋ ಏಳುನೂರ ಹತ್ತು.

ನಿನ್ನ ಕಾಗದ ನಿನ್ನೆ ಬಂತು. ಎರಡು ಸಲ ಓದಿದೆ. ಅದರ ಬಗ್ಗೆ ಈಗ ಏನೂ ಬರೆಯಲಾರೆ. ಬರೆಯುವ ದಿನ ಬಂದರೆ ಬರೆಯುತ್ತೇನೆ.

ನಾನೂ ನಿನಗೊಂದು ಹೇಳಿರಲಿಲ್ಲ. ಸೆಕೆಗೆ ಮೈ ಬೆಚ್ಚಗಿದೆ ಎಂದು ಬರೆದೆನಲ್ಲ, ಅದು ಸೆಕೆಯಲ್ಲ. ಹೊಲಿಗೆ ಮೊದಲಿನಿಂದಲೂ ಸರಿಯಿರಲಿಲ್ಲ. ಹೇಳಿದರೆ ಮಗುವಿನ ಹತ್ತಿರ ಬಿಡುವುದಿಲ್ಲ ಎಂದು ಮಾತ್ರೆ ನುಂಗಿಕೊಂಡು ಸುಮ್ಮನಿದ್ದೆ. ಮೂರು ವಾರ ಮುಚ್ಚಿಟ್ಟೆ. ಭಾನುವಾರ ಕುರ್ಚಿಯಿಂದ ಏಳಲಾಗಲಿಲ್ಲ. ಕೀವು ತುಂಬಿದೆ ಎಂದು ಗಾಯವನ್ನು ಮತ್ತೆ ಬಿಚ್ಚಿದರು. ಈಗ ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಲಗಿದ್ದೇನೆ. ಮಗು ಒಂದನೇ ಮಹಡಿಯಲ್ಲಿದೆ. ಜ್ವರ ಬಿಟ್ಟು ಎರಡು ದಿನ ಆಗುವವರೆಗೆ ನನಗೆ ಅಲ್ಲಿಗೆ ಪ್ರವೇಶವಿಲ್ಲ.

ಇದೇ ಹೊತ್ತಿಗೆ ಅವಳ ರಕ್ತದ ಸಕ್ಕರೆ ಅಂಶ ಮತ್ತೆ ಇಳಿಯುತ್ತಿದೆಯಂತೆ. ದಿನಕ್ಕೆ ಮೂರು ಸಲ ಚುಚ್ಚುತ್ತಿದ್ದಾರೆ. ಇವರು ರಜೆ ಹಾಕಿ ಬಂದಿದ್ದಾರೆ, ಆದರೆ ಕೆಮ್ಮು ಹಿಡಿದಿದೆ, ಬಾಗಿಲಿನಿಂದಲೇ ವಾಪಸ್ಸು ಕಳಿಸಿದರು. ನರ್ಸಮ್ಮಂದಿರು ಬಿಡುವಾದಾಗ ಬಟ್ಟೆ ಸುತ್ತಿ ಕೈಯಲ್ಲಿ ಮುದುರಿ ಹಿಡಿಯುತ್ತಾರೆ. ಆದರೆ ಅವರು ಇಬ್ಬರು, ಮಕ್ಕಳು ಹದಿನಾಲ್ಕು. ನಿನ್ನೆ ಮಧ್ಯಾಹ್ನ ಯಾರಿಗೂ ಬಿಡುವಿರಲಿಲ್ಲ. ಅವಳು ಮತ್ತೆ ಸದ್ದಿಲ್ಲದೆ ಚುಚ್ಚಿಸಿಕೊಂಡಳಂತೆ.

ದೊಡ್ಡ ನರ್ಸಮ್ಮ ಮೇಲೆ ಬಂದು ಕೇಳಿದರು. "ಎದೆ ಮೇಲೆ ಮಲಗಿಸ್ಕೊಳ್ಳೋಕೆ ಮನೇಲಿ ಬೇರೆ ಯಾರಿದಾರೆ? ತಾಯೇ ಆಗ್ಬೇಕು ಅಂತಿಲ್ಲ. ಆರೋಗ್ಯವಾಗಿದ್ದು, ಸುಮ್ನೆ ಒಂದು ಗಂಟೆ ಕೂತಿರೋ ತಾಳ್ಮೆ ಇದ್ರೆ ಸಾಕು."

ತಾಳ್ಮೆ ಎಂದಾಗ ನನಗೆ ನಗು ಬಂತು. ನಕ್ಕರೆ ಗಾಯ ಎಳೆಯುತ್ತದೆ.

ಫೋನ್ ಮಾಡಬಹುದಿತ್ತು. ನಿನ್ನ ಧ್ವನಿ ಕೇಳಿದರೆ ನಾನು ಅಳುತ್ತೇನೆ, ನೀನು ಅಳು ನಿಲ್ಲಿಸು ಎನ್ನುತ್ತೀಯ, ಮತ್ತೆ ಮೊದಲಿಂದ ಶುರು. ಇವರು ಈ ಕಾಗದವನ್ನು ಗುರುತಿನ ರೈಲು ಗಾರ್ಡಿನ ಕೈಯಲ್ಲಿ ಕಳಿಸುತ್ತಿದ್ದಾರೆ. ಇವತ್ತು ಸಂಜೆಗೇ ನಿನಗೆ ಸಿಗುತ್ತದೆ.

ಬಾ. ಅವಳ ಕಾಲು ಹಿಡಿಯಲು ಅಲ್ಲ. ಅವಳು ಅತ್ತರೆ ಸುಮ್ಮನಿರಿಸಲು ಅಲ್ಲ. ದೊಡ್ಡ ನರ್ಸಮ್ಮ ಹೇಳಿದಷ್ಟನ್ನು, ಹೇಳಿದ ಹಾಗೆ ಮಾಡಬೇಕು. ಒಪ್ಪಿಗೆಯಿದ್ದರೆ ಮಾತ್ರ ಬಾ.

ನಿನ್ನ ಮಗಳು

-

ಏಪ್ರಿಲ್ 4, ಮಧ್ಯಾಹ್ನ
ಒಂದನೇ ಮಹಡಿಯಿಂದ ಮೂರನೇ ಮಹಡಿಗೆ

ಮಗಳೇ,

ಇದು ನನ್ನ ಅಕ್ಷರವಲ್ಲ ಎಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ದೊಡ್ಡ ನರ್ಸಮ್ಮ ಊಟದ ಬಿಡುವಿನಲ್ಲಿ ಬರೆಯುತ್ತಿದ್ದಾಳೆ. ನನ್ನ ಎರಡೂ ಕೈಗೆ ಬಿಡುವಿಲ್ಲ. (ನಿಮ್ಮ ತಾಯಿ ಹೇಳಿದ್ದನ್ನು ಒಂದಕ್ಷರವೂ ಬದಲಿಸದೆ ಬರೆಯಬೇಕೆಂದು ತಾಕೀತು ಮಾಡಿದ್ದಾರೆ. ದೊಡ್ಡ ನರ್ಸ್.)

ಬೆಳಿಗ್ಗೆ ಬಂದಿಳಿದೆ. ಅಳಿಯಂದಿರು ಸ್ಟೇಷನ್ನಿನಲ್ಲಿ ಕೆಮ್ಮುತ್ತಾ ನಿಂತಿದ್ದರು. ಆರು ಅಡಿ ದೂರ ನಡೆಯಲು ಹೇಳಿ ಕರೆತಂದೆ. ಮೊದಲು ನಿನ್ನನ್ನು ನೋಡಲು ಮೇಲೆ ಬರಬೇಕಿತ್ತು. ಆದರೆ ಹನ್ನೊಂದು ಗಂಟೆಗೆ ಚುಚ್ಚುವುದಿದೆ ಎಂದರು. ಮೊದಲು ಇಲ್ಲಿಗೆ ಬಂದೆ. ನೀನೂ ಅದನ್ನೇ ಹೇಳುತ್ತಿದ್ದೆ ಎಂದುಕೊಂಡೆ.

ಮೊಣಕೈವರೆಗೆ ಕೈ ತೊಳೆಸಿದರು. ಚೆನ್ನಾಗಿ ತೊಳೆಯಲಿಲ್ಲ ಎಂದು ಮತ್ತೊಮ್ಮೆ ತೊಳೆಸಿದರು. ನನಗೆ! ತುಟಿ ಕಚ್ಚಿಕೊಂಡು ತೊಳೆದೆ. ಮುಂದೆ ತೆರೆಯುವ ಅಂಗಿ ತೊಡಿಸಿ ಕುರ್ಚಿಯಲ್ಲಿ ಒರಗಿಸಿದರು. "ಈ ಎದೇಲಿ ಎಲುಬು ಬಿಟ್ರೆ ಏನಿಲ್ಲಮ್ಮ" ಎಂದೆ. "ಬೆಚ್ಚಗಿದೆ ಅಲ್ವಾ ಅಜ್ಜಿ, ಅಷ್ಟು ಸಾಕು" ಎಂದಳು ಇವಳು.

ಆಮೇಲೆ ಅವಳನ್ನು ತಂದು ಇಟ್ಟರು. ಇಷ್ಟು ವರ್ಷ ಅಷ್ಟು ಮಕ್ಕಳನ್ನು ಮುಟ್ಟಿದ ಮೈ ಇದು. ಒಂದು ಮಗುವಿನ ಉಸಿರೂ ನನ್ನ ಗಂಟಲ ಗುಳಿಗೆ ತಾಗಿರಲಿಲ್ಲ.

ಉದ್ದ ಕಾಲಿನವನು ಬಂದ. ಒಂಬತ್ತು ನಿಮಿಷವೇ ಆಗಿತ್ತು. "ನಿಲ್ಲಪ್ಪ. ಹದಿನೈದು ನಿಮಿಷ ಅಂತ ಇಟ್ಟಿದಾರೆ. ಆರು ನಿಮಿಷ ಆಚೆ ಹೋಗಿ ನಿಂತಿರು" ಎಂದೆ. "ನನಗೆ ಇನ್ನೂ ಹನ್ನೊಂದು ಮಕ್ಕಳು ಇದಾವೆ ಅಜ್ಜಿ" ಎಂದ. "ಅವಕ್ಕೂ ಒಂದೊಂದು ಎದೆ ಹುಡುಕಿಟ್ಟು ಬಾ" ಎಂದೆ. (ಅವನು ನಿಜವಾಗಿ ಆಚೆ ಹೋಗಿ ನಿಂತ. ನಾನು ಹನ್ನೆರಡು ವರ್ಷದಲ್ಲಿ ಇದನ್ನು ಕಂಡಿಲ್ಲ.)

ಒಂದು ವಿಷಯ ಮುಚ್ಚಿಡುವುದಿಲ್ಲ. ಸೂಜಿ ಹತ್ತಿರ ಬಂದಾಗ ನನ್ನ ಬಲಗೈ ನನ್ನನ್ನು ಕೇಳದೆ ಹಿಮ್ಮಡಿಗೆ ಹೋಯಿತು. ಎರಡು ಬೆರಳು ತಾವಾಗಿ ಬಿಗಿದವು. ನರ್ಸಮ್ಮ ಆ ಕೈಯನ್ನು ತೆಗೆದು ನೆತ್ತಿಯ ಮೇಲಿಟ್ಟಳು. ನೀನು ಇದಕ್ಕೇ ಹೆದರಿದ್ದು. ನಿನ್ನ ಹೆದರಿಕೆ ಸರಿಯಾಗಿತ್ತು.

ನಿನ್ನ ಹಾಲು ಎರಡು ಹನಿ ನಾಲಿಗೆಗೆ ಬಿಟ್ಟರು. ಚುಚ್ಚಿದ. ನಾನು ಮುಖ ನೋಡುತ್ತಿದ್ದೆ. ಹುಬ್ಬು ಗಂಟಾಯಿತು, ಬಾಯಿ ತೆರೆಯಿತು. ಈ ಸಲ ಸದ್ದು ಬಂತು. ಎಂಥ ಸದ್ದು ಅಂತೀಯ, ಎದುರು ಮಂಚದ ತಾಯಿ ತಿರುಗಿ ನೋಡಿದಳು. ನಾನು ಶ್ ಎನ್ನಲಿಲ್ಲ. "ಅಳು, ಅಳು, ಇಲ್ಲೇ ಇದೀನಿ" ಎಂದೆ. ಹನ್ನೊಂದು ಎಣಿಸಿದೆ. ಆಮೇಲೆ ಅವಳಾಗಿಯೇ ನಿಲ್ಲಿಸಿ ಕೆನ್ನೆಯನ್ನು ನನ್ನ ಎಲುಬಿಗೆ ಒತ್ತಿಕೊಂಡಳು. ಪರದೆಯ ಅಂಕಿ ತೊಂಬತ್ತೈದಂತೆ. ನಾನು ಪರದೆ ನೋಡಲಿಲ್ಲ.

ಅವನು ಗಾಯಕ್ಕೆ ಹತ್ತಿ ಒತ್ತಿ, "ಆಯ್ತು ಅಜ್ಜಿ" ಎಂದು ಹೊರಟುಹೋದ. ಆಯ್ತು ಎಂದ ಕೂಡಲೇ ಕೈ ಬಿಟ್ಟು ಮುಂದಿನ ಮಂಚಕ್ಕೆ ಹೋಗುವುದು ನನ್ನ ಕೆಲಸವಾಗಿತ್ತು. ಏಳಲು ಹೊರಟೆ ಕೂಡ. ನರ್ಸಮ್ಮ ಭುಜ ಒತ್ತಿ ಕೂರಿಸಿದಳು. "ಅವನಿಗೆ ಆಯ್ತು ಅಜ್ಜಿ. ಇವಳಿಗೆ ಆಗಿಲ್ಲ. ಉಸಿರು ಇಳೀಲಿ, ಹುಬ್ಬು ಪೂರ್ತಿ ಬಿಡ್ಲಿ."

ಹುಬ್ಬು ಬಿಟ್ಟು ಬಹಳ ಹೊತ್ತಾಯಿತು. ನಿದ್ದೆ ಹೋಗಿದ್ದಾಳೆ. ನರ್ಸಮ್ಮ ಬರೆಯುತ್ತಾ ಬರೆಯುತ್ತಲೇ, ಇನ್ನು ಕೊಡಿ ಅಜ್ಜಿ, ಪೆಟ್ಟಿಗೆಗೆ ಹಾಕ್ತೀನಿ ಎನ್ನುತ್ತಿದ್ದಾಳೆ. ಇದು ಎರಡನೇ ಸಲ. ಕೇಳಿಸದವಳ ಹಾಗೆ ಕೂತಿದ್ದೇನೆ.